ಕೊಸರಿಗೆ ಬಂದ ಕಾಮಿಕ್ಸ್: 1940-50ರ ಪುಟಾಣಿ ಪುಸ್ತಕಗಳನ್ನು ಕೂಡಿಡುವುದು ಹೇಗೆ?

ತಿಂಗಳಿಗೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ. "ಗ್ಯಾರೇಜ್ ಸೇಲ್‌ನಲ್ಲಿ ಅಂಗೈ ಅಗಲದ ಡೊನಾಲ್ಡ್ ಡಕ್ ಪುಸ್ತಕ ಸಿಕ್ತು. ಮೇಲೆ ಬೆಲೆಯೇ ಇಲ್ಲ. ಇದು ನಿಜವಾದ ಕಾಮಿಕ್ಸಾ, ಇಲ್ಲ ಬರೀ ಜಾಹೀರಾತಾ?" ಎರಡೂ ಹೌದು. ಇಲ್ಲಿ ಅಮೆರಿಕದಲ್ಲಿ ಹಳೇ ಮನೆ ಕೊಂಡು, ನೆಲಮಾಳಿಗೆಯಲ್ಲಿ ಇಂಥ ಒಂದು ಡಬ್ಬ ಕಂಡು ಫೋನ್ ಮಾಡಿದವರೂ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸೊಪ್ಪಿನವಳು ಕಟ್ಟಿನ ಜೊತೆ ಎರಡು ಎಳೆ ಕೊತ್ತಂಬರಿ ಕೊಸರು ಹಾಕುತ್ತಾಳಲ್ಲ, ಇದೂ ಹಾಗೇ. ಬೆಳಗಿನ ತಿಂಡಿಯ ಡಬ್ಬ ಕೊಂಡರೆ, ಮಗುವಿಗೆ ಶೂ ಕೊಡಿಸಿದರೆ, ಸೋಪಿನ ಕೂಪನ್ ಕಳಿಸಿದರೆ ಜೊತೆಗೊಂದು ಕಾಮಿಕ್ಸ್. ಇದನ್ನು ಸಂಗ್ರಹಕಾರರು ಗಿವ್‌ಅವೇ ಅಂತಾರೆ. ಕೂಪನ್ನೋ ಡಬ್ಬದ ಮುಚ್ಚಳವೋ ಕಳಿಸಿ ತರಿಸಿಕೊಳ್ಳಬೇಕಾಗಿದ್ದರೆ ಅದು ಪ್ರೀಮಿಯಂ. ದಿನಬಳಕೆಯಲ್ಲಿ ಎರಡನ್ನೂ ಕಲಸಿ ಹೇಳುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ವಿಷಯ. ಅಮೆರಿಕದ ಕಾಮಿಕ್ಸ್ ಪುಸ್ತಕ ಈಗಿನ ರೂಪದಲ್ಲಿ ಹುಟ್ಟಿದ್ದೇ ಕೊಸರಾಗಿ. 1933ರಲ್ಲಿ ಈಸ್ಟರ್ನ್ ಕಲರ್ ಎಂಬ ಮುದ್ರಣ ಸಂಸ್ಥೆ, ಪತ್ರಿಕೆಗಳಲ್ಲಿ ಆಗಲೇ ಬಂದಿದ್ದ ಚಿತ್ರಕಥೆಗಳನ್ನು ಸೇರಿಸಿ 'ಫನ್ನೀಸ್ ಆನ್ ಪರೇಡ್' ಅಂತ 10,000 ಪ್ರತಿ ಅಚ್ಚು ಹಾಕಿತು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಕೂಪನ್ ಕಳಿಸಿದವರಿಗೆ ಅದನ್ನು ಹಂಚಿತು. ಈ ರೂಪದ ಕಾಮಿಕ್ಸನ್ನು ದುಡ್ಡಿಗೆ ಮಾರಿದ್ದು ಆಮೇಲೆ. ಹಾಗಾಗಿ ಯಾರಾದರೂ "ಪುಕ್ಕಟೆ ಪುಸ್ತಕ ತಾನೇ" ಅಂತ ಮೂಗು ಮುರಿದರೆ ಇದನ್ನು ಹೇಳಿ.

ಕೈಯಲ್ಲಿ ಇರಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಅಳತೆಪಟ್ಟಿ, ಚಿಕ್ಕ ಅಲ್ಟ್ರಾವಯಲೆಟ್ ಟಾರ್ಚ್ (ನೋಟು ಪರೀಕ್ಷೆ ಮಾಡುವಂಥದ್ದು ಸಾಕು), ಆಮ್ಲರಹಿತ ರಟ್ಟು, ಪಾಲಿಯೆಸ್ಟರ್ ಹಾಳೆಯ ಚೀಲ. ಈ ಹಾಳೆಗೆ ಮೈಲಾರ್ ಅನ್ನೋ ಹೆಸರೇ ಬಳಕೆಯಲ್ಲಿದೆ. ನಮ್ಮ ಮೈಲಾರಲಿಂಗನಿಗೂ ಇದಕ್ಕೂ ನಂಟಿಲ್ಲ, ಕಂಪನಿ ಇಟ್ಟ ಹೆಸರು. ಜೊತೆಗೆ ಓವರ್‌ಸ್ಟ್ರೀಟ್ ಬೆಲೆ ಕೈಪಿಡಿಯ ಒಂದು ಪ್ರತಿ. 1970ರಿಂದ ಬರುತ್ತಿದೆ. ಅದರಲ್ಲಿ ಪ್ರಚಾರದ ಕಾಮಿಕ್ಸ್‌ಗೇ ಬೇರೆ ವಿಭಾಗ ಇದೆ. ಹೊಸ ವರ್ಷದ್ದೇ ಬೇಕು ಅಂತೇನಿಲ್ಲ. ನಾಲ್ಕೈದು ವರ್ಷ ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳಿ. ಅಲ್ಲಿ ನಮಗೆ ಬೇಕಾದ್ದು ಬೆಲೆಗಿಂತ ಪಟ್ಟಿ ಮತ್ತು ಅಳತೆ.

1. ಒಂದು ದಾರಿ ಹಿಡಿಯಿರಿ

ಸಿಕ್ಕಿದ್ದೆಲ್ಲ ಕೊಂಡರೆ ಆರು ತಿಂಗಳಲ್ಲಿ ಸಾಕಾಗಿ ಹೋಗುತ್ತದೆ. ಪಾತ್ರವನ್ನು ಹಿಡಿಯಬಹುದು, ಕಲಾವಿದನನ್ನು ಹಿಡಿಯಬಹುದು, ಇಲ್ಲ ಕೊಟ್ಟ ಕಂಪನಿಯನ್ನು. ಹೊಸಬರಿಗೆ ನನ್ನ ಸಲಹೆ ಏನಂದ್ರೆ, ಮುಗಿಸಲು ಆಗುವಂಥ ಒಂದು ಚಿಕ್ಕ ಸರಣಿ ಆರಿಸಿಕೊಳ್ಳಿ. ಚೀರಿಯೋಸ್, ವೀಟೀಸ್ ಎರಡೂ ಬೆಳಗಿನ ತಿಂಡಿಯ ಬ್ರಾಂಡುಗಳು. 1947ರ ಚೀರಿಯೋಸ್ ಡಿಸ್ನಿ ಪುಸ್ತಕಗಳು ಒಟ್ಟು 16. 1950-51ರ ವೀಟೀಸ್ ಡಿಸ್ನಿ ಪುಸ್ತಕಗಳು 32. ಎರಡೂ ಜೇಬಿನಲ್ಲಿ ಹಿಡಿಸುವ ಅಳತೆಯವು, ತಲಾ 32 ಪುಟ. ಪೂರ್ತಿ ಸೆಟ್ ಮಾಡಬಹುದು ಅನ್ನೋ ಆಸೆ ಉಳಿಯುತ್ತದೆ.

ಅದೇ ಅಂಗಡಿಗಳು ಹಂಚಿದ 'ಮಾರ್ಚ್ ಆಫ್ ಕಾಮಿಕ್ಸ್' ಸರಣಿಯನ್ನು ಪೂರ್ತಿ ಕೂಡಿಸ್ತೀನಿ ಅಂತ ಹೊರಟರೆ 488 ಸಂಚಿಕೆ ಹುಡುಕಬೇಕು. 1946ರಿಂದ 1982ರವರೆಗೆ ಬಂದದ್ದು. ಅದರಲ್ಲೇ ಒಂದು ಎಳೆ ಹಿಡಿಯಿರಿ, ಬರೀ ಕೌಬಾಯ್‌ಗಳೋ, ಬರೀ 1950ರ ಒಳಗಿನವೋ.

2. ಹೇಗೆ ಹಂಚಿದರು ಅಂತ ತಿಳಿದುಕೊಳ್ಳಿ

ಈ ಲೇಖನದಲ್ಲಿ ಒಂದೇ ಭಾಗ ಓದುವ ಪುರುಸೊತ್ತಿದ್ದರೆ ಇದನ್ನೇ ಓದಿ. ಅಂಗಡಿಯಲ್ಲಿ ಮಾರಿದ ಕಾಮಿಕ್ಸ್ ಎಲ್ಲವೂ ಒಂದೇ ರೀತಿ ಹಳತಾಗುತ್ತವೆ. ಕೊಸರಿನವು ಹಾಗಲ್ಲ. ಪ್ರತಿಯೊಂದಕ್ಕೂ ಹುಟ್ಟುವಾಗಲೇ ಒಂದು ಊನ ಇರುತ್ತದೆ, ಅದು ಮಗುವಿನ ಕೈಗೆ ಬಂದ ದಾರಿಯಿಂದ ಬಂದದ್ದು. ಆ ದಾರಿ ಗೊತ್ತಿದ್ದರೆ ಯಾವ ಕಲೆಗೆ ಬೆಲೆ ಕಡಿಮೆ ಮಾಡಬೇಕು, ಯಾವುದಕ್ಕೆ ಮಾಡಬಾರದು ಅನ್ನೋದು ತಾನಾಗೇ ತಿಳಿಯುತ್ತದೆ.

ಡಬ್ಬಕ್ಕೆ ಅಂಟಿಸಿದ್ದು: 1946ರಲ್ಲಿ ವೀಟೀಸ್ ಡಬ್ಬಗಳ ಜೊತೆ ನಾಲ್ಕು ಪುಸ್ತಕ ಬಂದವು. ಕ್ಯಾಪ್ಟನ್ ಮಾರ್ವೆಲ್, ವಿಜ್, ಫ್ಲ್ಯಾಶ್, ಫನ್ನಿ ಸ್ಟಫ್. ಅಳತೆ ಆರೂವರೆ ಇಂಚಿಗೆ ಎಂಟೂಕಾಲು. ಇವನ್ನು ಡಬ್ಬದ ಹೊರಗೆ ಟೇಪ್ ಹಾಕಿ ಅಂಟಿಸಿದ್ದರು. ಮಗು ಏನು ಮಾಡುತ್ತದೆ? ಕಿತ್ತುಕೊಳ್ಳುತ್ತದೆ. ಹಾಗಾಗಿ ಟೇಪಿನ ಗುರುತೋ ಹರಿದ ಮೂಲೆಯೋ ಇಲ್ಲದ ಪ್ರತಿ ಇಲ್ಲವೇ ಇಲ್ಲ ಅನ್ನಬಹುದು. ಸ್ವಲ್ಪ ಟೇಪಿನ ಕಲೆ ಇದ್ದರೆ ಬೆಲೆ ಕಡಿತ ಮಾಡುವ ರೂಢಿಯಿಲ್ಲ. ಯಾರಾದರೂ "ಹೊಚ್ಚ ಹೊಸದರಂತಿದೆ, ಒಂದು ಕಲೆಯೂ ಇಲ್ಲ" ಅಂದರೆ ಅಲ್ಲೇ ಎಚ್ಚರವಾಗಿ. ಒಂದೋ ರಿಪೇರಿ ಆಗಿದೆ, ಇಲ್ಲ ಮೂಲೆ ಕತ್ತರಿಸಿ ನೇರ ಮಾಡಿದ್ದಾರೆ. ಅಳತೆಪಟ್ಟಿ ಹೊರತೆಗೆಯಿರಿ.

ನಾನೂ ಒಮ್ಮೆ ಇಂಥದ್ದರ ಮೇಲಿನ ಟೇಪ್ ಬಿಡಿಸಲು ಹೋಗಿ ರಕ್ಷಾಪುಟದ ಬಣ್ಣವನ್ನೇ ಕಿತ್ತಿದ್ದೇನೆ. ಟೇಪ್ ಇದ್ದಹಾಗೇ ಇರಲಿ.

ಅಂಚೆಯಲ್ಲಿ ಬಂದದ್ದು: ಡಿಸ್ನಿ ಪುಸ್ತಕಗಳ ಸೆಟ್‌ಗಳು ಈ ಗುಂಪಿನವು. ಚೀರಿಯೋಸಿನವು ಡಬ್ಲ್ಯೂ, ಎಕ್ಸ್, ವೈ, ಝಡ್ ಅಂತ ನಾಲ್ಕು ಸೆಟ್, ಸೆಟ್ಟಿಗೆ ನಾಲ್ಕು ಪುಸ್ತಕ. ವೀಟೀಸಿನವು ಎ, ಬಿ, ಸಿ, ಡಿ, ಸೆಟ್ಟಿಗೆ ಎಂಟು. ಲಕೋಟೆಯಲ್ಲಿ ಒತ್ತಾಗಿ ಬಂದದ್ದರಿಂದ ಅಂಚು ಸ್ವಲ್ಪ ಬಾಗಿರುವುದು, ಒಂದರ ಸ್ಟೇಪಲ್ ಇನ್ನೊಂದರ ಮೇಲೆ ಒತ್ತಿ ಗುರುತಾಗಿರುವುದು ಸಾಮಾನ್ಯ. ಲಕೋಟೆ ಸಿಕ್ಕರೆ ಎಸೆಯಬೇಡಿ! ಪುಸ್ತಕ ಇಟ್ಟುಕೊಂಡವರು ಬಹಳ ಜನ, ಲಕೋಟೆ ಇಟ್ಟುಕೊಂಡವರು ತುಂಬ ಕಡಿಮೆ. ಚೀರಿಯೋಸ್‌ನ ವೈ ಸೆಟ್ಟಿನ ಮೊದಲ ಪುಸ್ತಕ, ಡಿಸ್ನಿ ಬಾತುಕೋಳಿ ಕಥೆಗಳ ಹೆಸರಾಂತ ಕಲಾವಿದ ಕಾರ್ಲ್ ಬಾರ್ಕ್ಸ್ ಮಾಡಿದ ಡೊನಾಲ್ಡ್ ಡಕ್‌ನ ಅಣುಬಾಂಬಿನ ಕಥೆ. ಹಿರೋಷಿಮಾ ಆಗಿ ಎರಡೇ ವರ್ಷ, ಆಗಲೇ ಮಕ್ಕಳ ತಿಂಡಿಯ ಜೊತೆ ಅಣುಬಾಂಬಿನ ತಮಾಷೆ! ಎಲ್ಲರೂ ಅದನ್ನೇ ಹುಡುಕುವುದರಿಂದ ಸೆಟ್‌ನಲ್ಲಿ ಅದೊಂದೇ ದುಬಾರಿ.

ಅಂಗಡಿಯಲ್ಲಿ ಕೈಗೆ ಕೊಟ್ಟದ್ದು: ಮಾರ್ಚ್ ಆಫ್ ಕಾಮಿಕ್ಸ್ ಹೀಗೆ ಬಂದದ್ದು, ಬಸ್ಟರ್ ಬ್ರೌನ್ ಶೂ ಅಂಗಡಿಗಳ ಕಾಮಿಕ್ಸೂ (1945-1959) ಹೀಗೇ. ಒಂದೇ ಸಂಚಿಕೆಯನ್ನು ಬೇರೆ ಬೇರೆ ಅಂಗಡಿಗಳು ಕೊಳ್ಳುತ್ತಿದ್ದವು, ತಮ್ಮ ಹೆಸರು ಅಚ್ಚು ಹಾಕಿಸುತ್ತಿದ್ದವು. ಹೀಗೆ ಮೇಲಿನಿಂದ ಹಾಕಿದ ಹೆಸರಿಗೆ ಇಂಪ್ರಿಂಟ್ ಅಂತಾರೆ. ಒಂದರ ಮೇಲೆ ಸಿಯರ್ಸ್ ಅಂತ ದೊಡ್ಡ ಮಳಿಗೆಯ ಹೆಸರಿದ್ದು, ಇನ್ನೊಂದರ ಮೇಲೆ ಯಾವುದೋ ಸಣ್ಣ ಊರಿನ ಶೂ ಅಂಗಡಿಯ ಹೆಸರಿದ್ದರೆ ಎರಡೂ ಅಸಲಿಯೇ. "ಯಾರೋ ಸೀಲು ಹೊಡೆದು ಹಾಳು ಮಾಡಿದ್ದಾರೆ" ಅಂದುಕೊಂಡು ಬಿಟ್ಟುಬಂದವರು ನನಗೆ ಗೊತ್ತು.

ಸಂಘ ಸಂಸ್ಥೆಗಳು ಹಂಚಿದ್ದು: ಚರ್ಚು, ಸರ್ಕಾರ, ಸೈನ್ಯ, ಹೋರಾಟದ ಸಂಘಗಳು ಕೂಡ ಕಾಮಿಕ್ಸ್ ಮಾಡಿಸಿದವು. ನಮ್ಮವರಿಗೆ ಆಸಕ್ತಿ ಆಗಬಹುದಾದ ಒಂದಿದೆ. 1957ರ ಕೊನೆಗೆ ಫೆಲೋಶಿಪ್ ಆಫ್ ರೀಕನ್ಸಿಲಿಯೇಶನ್ ಎಂಬ ಶಾಂತಿವಾದಿ ಸಂಘ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ವರ್ಣಭೇದದ ವಿರುದ್ಧ ನಡೆದ ಮಾಂಟ್‌ಗಮರಿ ಬಸ್ ಬಹಿಷ್ಕಾರದ ಬಗ್ಗೆ 16 ಪುಟದ ಕಾಮಿಕ್ಸ್ ತಂದಿತು. ಎರಡೂವರೆ ಲಕ್ಷ ಪ್ರತಿ. ಅದರಲ್ಲಿ ಗಾಂಧೀಜಿಯ ಕಥೆಯೂ ಬರುತ್ತದೆ. ಇದು ಪತ್ರಿಕೆ ಅಂಗಡಿಗೆ ಹೋಗಲಿಲ್ಲ, ಚರ್ಚು, ಶಾಲೆ, ಸಭೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಹಾಗಾಗಿ ಮಡಿಸಿ ಜೇಬಿಗಿಟ್ಟ ಗುರುತು ಇರುವುದೇ ಹೆಚ್ಚು.

ಸೈನ್ಯದ್ದು ಅಂದರೆ 1951ರಲ್ಲಿ ಶುರುವಾದ ಪಿಎಸ್ ಮ್ಯಾಗಜೀನ್. ಜೀಪು, ಬಂದೂಕು, ಟ್ಯಾಂಕುಗಳನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಹೇಗೆ ಅಂತ ಚಿತ್ರದಲ್ಲಿ ಹೇಳುವ ಚಿಕ್ಕ ಅಳತೆಯ ಪುಸ್ತಕ. ಮೊದಲ ಇಪ್ಪತ್ತು ವರ್ಷ ಅದರ ಚಿತ್ರಗಳ ಹೊಣೆ ಹೆಸರಾಂತ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಅವರದ್ದು. ಗ್ರೀಸ್ ಕಲೆ ಇದ್ದರೆ ಅದು ಕೆಲಸ ಮಾಡಿದ ಪುಸ್ತಕ ಅಂದುಕೊಳ್ಳಿ.

ಇನ್ನು ಪುಕ್ಕಟೆ ಅಲ್ಲದ, ಆದರೆ ಅಳತೆಯಲ್ಲಿ ಪುಟಾಣಿಯಾದವು. ಅಮೆರಿಕದ ಹಾರ್ವಿ ಸಂಸ್ಥೆ 1941ರಲ್ಲಿ ನೂರು ಪುಟದ ಪಾಕೆಟ್ ಕಾಮಿಕ್ಸ್ ತಂದು ನಾಲ್ಕೇ ಸಂಚಿಕೆಗೆ ನಿಲ್ಲಿಸಿತು. ಮಕ್ಕಳು ಸುಲಭವಾಗಿ ಜೇಬಿಗಿಳಿಸಿಕೊಂಡು ಹೋಗುತ್ತಿದ್ದರು, ಅದಕ್ಕೇ ನಿಂತಿತು ಅಂತ ಹೇಳುತ್ತಾರೆ. ಬ್ರಿಟನ್ನಿನಲ್ಲಿ 1958ರಿಂದ ವಾರ್ ಪಿಕ್ಚರ್ ಲೈಬ್ರರಿ, 1961ರಿಂದ ಡಿ.ಸಿ. ಥಾಮ್ಸನ್ ಪ್ರಕಾಶನದ ಕಮಾಂಡೋ ಎಂಬ ಯುದ್ಧ ಕಾಮಿಕ್ಸ್ ಬಂದವು. ಈ ಕಮಾಂಡೋ ಮಾತ್ರ ಬೆಂಗಳೂರು, ಮೈಸೂರುಗಳ ಬಾಡಿಗೆ ಲೈಬ್ರರಿಗಳಲ್ಲಿ ಓದಿ ಬೆಳೆದವರಿಗೆ ಹೊಸದೇನಲ್ಲ. ಆ ಲೈಬ್ರರಿ ಪ್ರತಿಗಳ ಊನವೂ ಗೊತ್ತಿರುವುದೇ: ರಬ್ಬರ್ ಸ್ಟ್ಯಾಂಪು, ದಾರದ ಹೊಲಿಗೆ, ಮೇಲೊಂದು ರಟ್ಟು.

3. ಕೈಲಿರುವುದು ಯಾವುದು ಅಂತ ಗುರುತಿಸಿ

ರಕ್ಷಾಪುಟ ನೋಡಿ ತೀರ್ಮಾನಿಸಬೇಡಿ. ಮೊದಲ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಪ್ರಕಾಶಕರ ಹೆಸರು, ಕಾಪಿರೈಟ್ ವರ್ಷ ಇರುತ್ತದೆ. ಕೆಲವದರಲ್ಲಿ ಅದು ಹಿಂದಿನ ಪುಟದಲ್ಲಿರುತ್ತದೆ. ಕೆ.ಕೆ. ಪಬ್ಲಿಕೇಶನ್ಸ್ ಅಂತ ಕಂಡರೆ ಡಿಸ್ನಿ ಕಾಮಿಕ್ಸ್ ಅಚ್ಚು ಹಾಕುತ್ತಿದ್ದ ವೆಸ್ಟರ್ನ್ ಪ್ರಿಂಟಿಂಗ್ ಬಳಗದ್ದು. ಸೆಟ್‌ನ ಅಕ್ಷರ, ಸಂಖ್ಯೆ ರಕ್ಷಾಪುಟದ ಮೂಲೆಯಲ್ಲಿ ಎಷ್ಟು ಚಿಕ್ಕದಾಗಿರುತ್ತದೆ ಅಂದರೆ ಭೂತಗನ್ನಡಿ ಬೇಕೇ ಬೇಕು.

ಆಮೇಲೆ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಎಂಬ ಅಂತರ್ಜಾಲದ ಪಟ್ಟಿಯಲ್ಲಿ ಹುಡುಕಿ. ಡಿಸ್ನಿ ಆದರೆ ಇಂಡಕ್ಸ್ (Inducks) ಎಂಬ ಪಟ್ಟಿ ಇನ್ನೂ ಒಳ್ಳೆಯದು. ಎರಡೂ ಪುಕ್ಕಟೆ. ಒಂದು ಎಚ್ಚರಿಕೆ: ಕಾಪಿರೈಟ್ ವರ್ಷವೇ ಹಂಚಿದ ವರ್ಷ ಆಗಿರಬೇಕಿಲ್ಲ. ಹಳೇ ಕಥೆ ಎತ್ತಿ ಹೊಸ ಕೊಸರಿಗೆ ಹಾಕುವುದು ಆಗಲೂ ಇತ್ತು.

'ಸೆಲ್ಫ್ ಕವರ್' ಅಂತ ಪಟ್ಟಿಗಳಲ್ಲಿ ಕಂಡರೆ ಗಾಬರಿ ಬೇಡ. ರಕ್ಷಾಪುಟವೂ ಒಳಗಿನ ಕಾಗದದ್ದೇ, ಬೇರೆ ನುಣುಪು ಕಾಗದ ಹಾಕಿಲ್ಲ ಅಂತ ಅರ್ಥ. ಖರ್ಚು ಉಳಿಸಲು ಮಾಡಿದ್ದು. ಹೊಸಬರು ಇದನ್ನು ಕಂಡು "ರಟ್ಟು ಕಿತ್ತುಹೋಗಿದೆ" ಅಂದುಕೊಳ್ಳುತ್ತಾರೆ. ಮಾರುವವರೂ ಹಾಗೇ ಅಂದುಕೊಂಡು ಅಗ್ಗಕ್ಕೆ ಕೊಟ್ಟರೆ ನಿಮ್ಮ ಅದೃಷ್ಟ.

4. ಎಲ್ಲಿ ಹುಡುಕಬೇಕು?

ಕಾಮಿಕ್ಸ್ ಅಂಗಡಿಯಲ್ಲಿ ಅಲ್ಲ. ಅಲ್ಲಿ ಇದ್ದರೆ ಬೆಲೆ ಆಗಲೇ ಏರಿರುತ್ತದೆ. ಎಸ್ಟೇಟ್ ಸೇಲ್, ಅಂದರೆ ಹಿರಿಯರು ಹೋದ ಮೇಲೆ ಮನೆ ಸಾಮಾನೆಲ್ಲ ಮಾರುವುದು, ಒಳ್ಳೆಯ ಜಾಗ. ಅಲ್ಲೂ ಪುಸ್ತಕದ ಕಪಾಟಿಗಿಂತ ಆಟಿಕೆಯ ಡಬ್ಬ, ಅಡುಗೆಮನೆಯ ಡ್ರಾಯರ್, ಹಳೇ ಜಾಹೀರಾತು ಕಾಗದಗಳ ಕಟ್ಟು ನೋಡಿ. ಈ ಪುಸ್ತಕಗಳ ಅಳತೆ ಪೋಸ್ಟ್‌ಕಾರ್ಡಿನ ಹತ್ತಿರ ಇರುವುದರಿಂದ ಪೋಸ್ಟ್‌ಕಾರ್ಡ್ ಮಾರುವವರ ಪೆಟ್ಟಿಗೆಯಲ್ಲಿ ಎಷ್ಟೋ ಸಲ ಸಿಕ್ಕಿವೆ. ಈಬೇಯಲ್ಲಾದರೆ 'ಕಾಮಿಕ್ಸ್' ವಿಭಾಗ ಒಂದೇ ನೋಡಬೇಡಿ. ಜಾಹೀರಾತು ವಸ್ತು, ಸೀರಿಯಲ್ ಪ್ರೀಮಿಯಂ, ಡಿಸ್ನಿ ಕಾಗದ ಅಂತೆಲ್ಲ ಇರುತ್ತದೆ, ಅಲ್ಲೂ ಕೆದಕಿ.

ಊರಲ್ಲಿರುವವರಿಗೆ ಅಮೆರಿಕದ ಕೊಸರು ಸಿಗುವುದು ಅಪರೂಪ. ಅವೆನ್ಯೂ ರಸ್ತೆಯಂಥ ಕಡೆ ಬ್ರಿಟಿಷ್ ಪುಟಾಣಿ ಯುದ್ಧ ಕಾಮಿಕ್ಸ್ ಹುಡುಕುವುದೇ ಜಾಣತನ. ಅದರಲ್ಲೂ ಒಂದು ತೊಡಕಿದೆ. ಕಮಾಂಡೋದವರು ಹಳೇ ಕಥೆಗಳನ್ನು ಹೊಸ ಸಂಖ್ಯೆ ಕೊಟ್ಟು ಮತ್ತೆ ಮತ್ತೆ ಹಾಕುತ್ತಾರೆ. ಕಥೆ 1960ರ ದಶಕದ್ದು ಅಂದ ಮಾತ್ರಕ್ಕೆ ಪುಸ್ತಕ ಆಗಿನದ್ದಲ್ಲ. ಸಂಖ್ಯೆ ನೋಡಿ, ಬೆಲೆ ಯಾವ ನಾಣ್ಯದಲ್ಲಿದೆ ನೋಡಿ. ಹಳೇ ಶಿಲ್ಲಿಂಗ್-ಪೆನ್ಸ್ ಲೆಕ್ಕ ಇದ್ದರೆ 1971ರ ಫೆಬ್ರವರಿಗಿಂತ ಮುಂಚಿನದ್ದು, ಬ್ರಿಟನ್ನು ದಶಮಾಂಶ ನಾಣ್ಯಕ್ಕೆ ಹೋದದ್ದು ಆಗ.

5. ಸ್ಥಿತಿ ನೋಡುವ ಕ್ರಮ

ಪುಟ ಎಣಿಸಿ. ಮೊದಲು ಅದೇ. ನಡುವಿನ ಹಾಳೆ ಕಳಚಿಹೋಗಿದ್ದರೂ ಓದುವಾಗ ತಿಳಿಯುವುದಿಲ್ಲ, ಅದರಲ್ಲೂ ಚಿಕ್ಕ ಚಿಕ್ಕ ಕಥೆಗಳಿದ್ದರೆ. ಕತ್ತರಿಸಿ ಕಳಿಸುವ ಕೂಪನ್ ಇದ್ದ ಪುಟ, ಬಣ್ಣ ತುಂಬುವ ಪುಟ ಇವನ್ನು ಬೇರೆಯಾಗಿ ನೋಡಿ. ಮಕ್ಕಳು ಮೊದಲು ಕತ್ತರಿ ಹಾಕುವುದು ಅಲ್ಲೇ. 1954ರಲ್ಲಿ ಚೀರಿಯೋಸ್ 24 ಪುಟಾಣಿ ತ್ರೀಡಿ ಪುಸ್ತಕ ಕೊಟ್ಟಿತ್ತು. ಪುಸ್ತಕ ಸಿಗುತ್ತದೆ, ಕನ್ನಡಕ ಸಿಗುವುದಿಲ್ಲ.

ಆಮೇಲೆ ಕಾಗದ. ಇವೆಲ್ಲ ಅಗ್ಗದ ಪತ್ರಿಕೆ ಕಾಗದದವು. ಒಳಗಿನ ಆಮ್ಲದಿಂದ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತವೆ. ಮೂಲೆ ಬಗ್ಗಿಸಿ ನೋಡುವ ಚಪಲ ಬೇಡ, ಮುರಿದೇ ಹೋಗುತ್ತದೆ. ಕಾಗದ ಕಂದಾಗಿದ್ದರೂ ಮೆತ್ತಗಿದ್ದರೆ ಪರವಾಗಿಲ್ಲ. ಗರಿಗರಿ ಆಗಿದ್ದರೆ ಬಿಟ್ಟುಬಿಡಿ, ಎಷ್ಟೇ ಅಪರೂಪದ್ದಾಗಲಿ. ಸ್ಟೇಪಲ್ ತುಕ್ಕು ಹಿಡಿದಿದೆಯಾ, ಸುತ್ತ ಕಾಗದ ತಿಂದಿದೆಯಾ ನೋಡಿ. ಕೊನೆಗೆ ಮೂಗು ಹತ್ತಿರ ತನ್ನಿ. ಬೂಷ್ಟಿನ ವಾಸನೆ ಬಂದರೆ ಮನೆಗೆ ತರಲೇಬೇಡಿ, ಉಳಿದವಕ್ಕೂ ಅಂಟಿಸುತ್ತದೆ.

6. ನಕಲು, ಮರುಮುದ್ರಣ

ಮೋಸಕ್ಕೆ ಮಾಡಿದ ನಕಲಿಗಿಂತ ತಪ್ಪು ತಿಳುವಳಿಕೆಯೇ ಇಲ್ಲಿ ಜಾಸ್ತಿ. ಕಿಂಗ್ ಅವರ ಕಾಮಿಕ್ಸ್ ಈಚೆಗೆ ಮರುಮುದ್ರಣ ಆಗಿದೆ, ಅದನ್ನು ಹಳೆಯದೆಂದು ನಂಬಿ ಮಾರುವವರಿದ್ದಾರೆ. ಮೂರು ಪರೀಕ್ಷೆ ಮಾಡಿ. ಅಳತೆ ಪಟ್ಟಿಯಲ್ಲಿರುವುದಕ್ಕೆ ಹೊಂದುತ್ತದಾ? ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕಿ ದಪ್ಪದಪ್ಪಗೆ, ಗೆರೆಯಿಂದ ಸ್ವಲ್ಪ ಆಚೀಚೆ ಇದೆಯಾ? ಹಳೇ ಮುದ್ರಣ ಹಾಗೇ ಇರುತ್ತಿತ್ತು. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದಾಗ ಕಾಗದ ನೀಲಿಯಾಗಿ ಹೊಳೆಯುತ್ತದಾ? ಬಟ್ಟೆಗೆ ನೀಲಿ ಹಾಕುವಂತೆ ಕಾಗದ ಬೆಳ್ಳಗೆ ಕಾಣಲು ರಾಸಾಯನಿಕ ಹಾಕುವುದು ಹೆಚ್ಚಾದದ್ದು 1950ರ ನಂತರ. 1947ರ ಪುಸ್ತಕ ಹೊಳೆದರೆ ಅನುಮಾನ ಪಡಿ. ಹೊಳೆಯದಿದ್ದರೆ ಅಸಲಿ ಅಂತ ಅಲ್ಲ, ಅದೂ ನೆನಪಿರಲಿ.

7. ಬೆಲೆ

ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಈಬೇಯಲ್ಲಿ 'ಸೋಲ್ಡ್' ಅಂತ ಆರಿಸಿಕೊಂಡರೆ ಬರುತ್ತದೆ. ಹೆರಿಟೇಜ್ ಹರಾಜು ಸಂಸ್ಥೆಯ ಹಳೇ ಫಲಿತಾಂಶಗಳನ್ನೂ ನೋಡಬಹುದು. ಅಪರೂಪ ಅಂದ ಮಾತ್ರಕ್ಕೆ ದುಬಾರಿ ಅಲ್ಲ. ಹಲ್ಲುಜ್ಜುವ ಬಗ್ಗೆ ದಂತವೈದ್ಯರು ಹಂಚಿದ ಪುಸ್ತಕ ಲೋಕದಲ್ಲಿ ಮೂರೇ ಉಳಿದಿದ್ದರೂ ಕೇಳುವವರು ಇಬ್ಬರೇ ಇರಬಹುದು. ಪಾತ್ರ, ಕಲಾವಿದ ಇವೆರಡೇ ಬೆಲೆ ಏರಿಸುವುದು.

ಮಾರ್ಚ್ ಆಫ್ ಕಾಮಿಕ್ಸ್‌ನ 4ನೇ ಸಂಚಿಕೆ ನೋಡಿ. 1947ರದ್ದು, ಬಾರ್ಕ್ಸ್ ಕೈಚಳಕ. ಡೊನಾಲ್ಡ್‌ನ ಸೋದರಿಯ ಮೂವರು ಮರಿಗಳು ಒಂದು ಪೆನ್ಸಿಲ್ ತುಂಡನ್ನು ಬದಲಾಯಿಸುತ್ತಾ ಬದಲಾಯಿಸುತ್ತಾ ಇಂಡಿಯಾಕ್ಕೆ ಹಡಗಿನ ಟಿಕೆಟ್ ಗಿಟ್ಟಿಸುತ್ತವೆ, ಡೊನಾಲ್ಡ್ ಇಲ್ಲಿ ಮಹಾರಾಜನೂ ಆಗುತ್ತಾನೆ. ಆ ಇಂಡಿಯಾ ನಮಗೆ ಗುರುತು ಸಿಗುವಂಥದ್ದಲ್ಲ ಬಿಡಿ. ಆದರೂ ಪುಕ್ಕಟೆ ಹಂಚಿದ ಈ ಪುಸ್ತಕಕ್ಕೆ ಆ ಕಾಲದಲ್ಲಿ ಹತ್ತು ಸೆಂಟಿಗೆ ಮಾರಿದ ಎಷ್ಟೋ ಡಿಸ್ನಿ ಸಂಚಿಕೆಗಳಿಗಿಂತ ಹೆಚ್ಚು ಬೆಲೆ ಇದೆ.

ಸಿಜಿಸಿಯಂಥ ಸಂಸ್ಥೆಗೆ ಕಳಿಸಿ ಹತ್ತರಲ್ಲಿ ಇಷ್ಟು ಅಂಕ ಅಂತ ಹಾಕಿಸಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಸಬೇಕಾ ಅಂತ ಕೇಳುತ್ತಾರೆ. ಹೆಚ್ಚಿನವಕ್ಕೆ ಬೇಡ. ಪುಸ್ತಕದ ಬೆಲೆಗಿಂತ ಆ ಖರ್ಚೇ ಜಾಸ್ತಿ ಆಗುತ್ತದೆ, ಮೇಲಾಗಿ ಮುಚ್ಚಿದ್ದನ್ನು ಓದಲಾಗುವುದಿಲ್ಲ.

8. ಇಡುವುದು

ದೊಡ್ಡ ಕಾಮಿಕ್ಸ್ ಚೀಲದಲ್ಲಿ ಪುಟಾಣಿ ಪುಸ್ತಕ ಹಾಕಬೇಡಿ. ಒಳಗೆ ಜಾರಾಡಿ ಮೂಲೆ ಸವೆಯುತ್ತದೆ. ಪೋಸ್ಟ್‌ಕಾರ್ಡ್ ಅಥವಾ ನೋಟು ಸಂಗ್ರಹಿಸುವವರ ಅಳತೆಯ ಪಾಲಿಯೆಸ್ಟರ್ ಚೀಲ ಸರಿಹೋಗುತ್ತದೆ. ಹಿಂದೆ ಆಮ್ಲರಹಿತ ರಟ್ಟು. ಪಿವಿಸಿ ಆಲ್ಬಂ ಬೇಡ, ವರ್ಷ ಕಳೆದಂತೆ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಲ್ಯಾಮಿನೇಶನ್ ಮಾತಂತೂ ಎತ್ತಲೇಬೇಡಿ.

ಅಮೆರಿಕದಲ್ಲಿ ನೆಲಮಾಳಿಗೆ, ನಮ್ಮಲ್ಲಿ ಅಟ್ಟ, ಎರಡೂ ಕೆಟ್ಟ ಜಾಗ. ಒಂದರಲ್ಲಿ ತೇವ, ಇನ್ನೊಂದರಲ್ಲಿ ಸೆಕೆ. ಮಲೆನಾಡು, ಕರಾವಳಿಯವರು ಸ್ಟೀಲ್ ಬೀರುವಿನ ನಡು ಅರೆಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಅಜ್ಜಿ ಕಾಲದ ಬೇವಿನ ಸೊಪ್ಪು ಇಡುವುದಾದರೆ ಚೀಲದ ಹೊರಗೆ, ಪೂರ್ತಿ ಒಣಗಿಸಿ. ಪುಟದ ನಡುವೆ ಇಟ್ಟರೆ ಎಲೆಯ ಅಚ್ಚು ಶಾಶ್ವತವಾಗಿ ಉಳಿಯುತ್ತದೆ.

ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಬರೆಯಿರಿ. ಹೆಸರು, ಸೆಟ್ ಸಂಖ್ಯೆ, ಇಂಪ್ರಿಂಟ್, ಅಳತೆ, ಎಲ್ಲಿ, ಎಷ್ಟಕ್ಕೆ ಕೊಂಡಿರಿ. ಪೆನ್ಸಿಲ್‌ನಲ್ಲಿ, ಬೇರೆ ಕಾಗದದ ಮೇಲೆ. ಪುಸ್ತಕದ ಮೇಲೆ ಬರೆಯುವ ಹಕ್ಕು 1947ರ ಆ ಮಗುವಿಗೆ ಮಾತ್ರ ಇತ್ತು.

9. ಊರಿಗೆ ಒಯ್ಯುವುದಾದರೆ

ಚೆಕ್ ಇನ್ ಸೂಟ್‌ಕೇಸಿಗೆ ಹಾಕಬೇಡಿ. ಉಪ್ಪಿನಕಾಯಿ ಡಬ್ಬಿಯ ಎಣ್ಣೆ ಹೋಗುವಾಗಲೂ ಸೋರುತ್ತದೆ, ಬರುವಾಗಲೂ ಸೋರುತ್ತದೆ. ರಟ್ಟಿನ ಸಮೇತ ಚೀಲಕ್ಕೆ ಹಾಕಿ, ಗಟ್ಟಿ ಬೈಂಡಿನ ದೊಡ್ಡ ಪುಸ್ತಕವೊಂದರ ನಡುವೆ ಇಟ್ಟು, ಕೈಚೀಲದಲ್ಲೇ ಒಯ್ಯಿರಿ. ಅಂಚೆಯಲ್ಲಿ ತರಿಸುವವರು ಮಾರುವವರಿಗೆ ಮೊದಲೇ ಎರಡು ಮಾತು ಬರೆದು ಕಳಿಸಿ: ಎರಡು ಗಟ್ಟಿ ರಟ್ಟಿನ ನಡುವೆ ಇಡಿ, ರಟ್ಟಿಗೆ ಹಾಕುವ ಟೇಪ್ ಪುಸ್ತಕದ ಚೀಲಕ್ಕೆ ತಾಗದಿರಲಿ. ಪೊಟ್ಟಣ ಬಂದ ದಿನ ಅದನ್ನು ಬ್ಲೇಡಿನಿಂದ ಕೊಯ್ಯಬೇಡಿ, ಅಂಚು ಬಿಡಿಸಿ ತೆಗೆಯಿರಿ.

ಮಳೆಗಾಲದಲ್ಲಿ ಬಂದ ಪೊಟ್ಟಣವನ್ನು ಒಂದು ದಿನ ಹಾಗೇ ಕೋಣೆಯಲ್ಲಿಟ್ಟು ಮಾರನೇ ದಿನ ತೆರೆದರೆ ಒಳ್ಳೆಯದು. ಕಷ್ಟ ಅಂತ ಗೊತ್ತು.